ಪದಚರ್ಚೆ: ‘ಭವಿಷ್ಯವಾಣಿ’ಯೋ ‘ಪ್ರವಾದನೆ’ಯೋ? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ನ್ಯೂಟನ್ ಬಗ್ಗೆ ಎರಡು ಫಲಕ ಬರೆದುಕೊಡುತ್ತಿದ್ದೇನೆ. ಮೊದಲನೆಯದು ಧೂಮಕೇತು. ನ್ಯೂಟನ್ನನ ನಿಯಮ ಹಿಡಿದು ಹ್ಯಾಲಿ 1705ರಲ್ಲಿ ‘1758ಕ್ಕೆ ಮತ್ತೆ ಬರುತ್ತದೆ’ ಎಂದ. ಆ ವರ್ಷ ಡಿಸೆಂಬರ್ 25ರ ರಾತ್ರಿ ಅದು ಕಾಣಿಸಿತು. ಎರಡನೆಯದು ಬೈಬಲಿನ ದಾನಿಯೇಲ, ಪ್ರಕಟನೆ ಗ್ರಂಥಗಳನ್ನು ಇಟ್ಟುಕೊಂಡು ಲೋಕದ ಅಂತ್ಯಕಾಲದ ಬಗ್ಗೆ ನ್ಯೂಟನ್ ಹಾಕಿದ ಲೆಕ್ಕ. ಕ್ರಿ.ಶ. 800ಕ್ಕೆ 1260 ವರ್ಷ ಕೂಡಿಸಿ 2060. ಎರಡಕ್ಕೂ ‘ಭವಿಷ್ಯವಾಣಿ’ ಎಂದೇ ಬರೆದಿದ್ದೆ. ಕರಡು ನೋಡಿದ ಮೇಷ್ಟ್ರು ‘ಧೂಮಕೇತು ಬರೋದನ್ನ ಬುಡಬುಡಿಕೆಯವನು ಹೇಳಿದ್ನಾ?’ ಎಂದು ಕೆಂಪು ಇಂಕಿನಲ್ಲಿ ಗೀಚಿದ್ದಾರೆ. ಫಲಕ ಮೂರೇ ಅಡಿ ಅಗಲ, ಚಿಕ್ಕ ಪದ ಕೊಡಿ.
– ಸ.

ಮೊದಲನೆಯದು ಮುನ್ಸೂಚನೆ. ಎರಡನೆಯದು ಪ್ರವಾದನೆ. ಕನ್ನಡ ಬೈಬಲ್ ಓದುವವರಿಗೆಲ್ಲ ಗೊತ್ತಿರುವ ಪದ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?
– ಗೋ.

ಇದೆ. ‘ಮುನ್ಸೂಚನೆ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಮಳೆ ಇಲಾಖೆಯವರು ಬಳಸಿದ ಮಾತ್ರಕ್ಕೆ ಸರಿಯಾಗುವುದಿಲ್ಲ. ‘ಮುಂಗಾಣ್ಕೆ’ ಅನ್ನಿ. ಇನ್ನು ‘ಪ್ರವಾದ’ ಅಂದರೆ ಸಂಸ್ಕೃತದಲ್ಲೇ ಬಾಯಿಂದ ಬಾಯಿಗೆ ಹರಡಿದ ಮಾತು, ಗಾಳಿಸುದ್ದಿ. ದೇವರ ಮಾತಿಗೆ ಅದು ಹೇಗೆ ಹೊಂದುತ್ತದೆ? ‘ಮುನ್ನುಡಿ’ ಸರಿಹೋಗುತ್ತಿತ್ತು, ಅದು ಆಗಲೇ ಪುಸ್ತಕದ ಬಾಗಿಲಲ್ಲಿ ಕೂತುಬಿಟ್ಟಿದೆ.
– ಕಂ.

ಕಂ. ಅವರೇ, ಬೇರು ಅಗೆಯುವುದಾದರೆ ಪೂರ್ತಿ ಅಗೆಯಿರಿ. ಗ್ರೀಕ್ ಮೂಲದಲ್ಲೂ ಇರುವುದು ‘ಮಾತಾಡು’ ಎಂಬ ಧಾತುವೇ. ಪ್ರವಾದಿ ಅಂದರೆ ದೇವರ ಪರವಾಗಿ ಮಾತಾಡುವವನು. ಬೈಬಲಿನ ಪ್ರವಾದಿ ಆಮೋಸನನ್ನು ಓದಿ. ಅಳತೆ ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡುವ ವ್ಯಾಪಾರಿಗಳನ್ನು ಬೈಯುತ್ತಾನೆ. ಮುಂದೆ ಬರುವ ಶಿಕ್ಷೆಯನ್ನೂ ಹೇಳುತ್ತಾನೆ, ನಿಜ. ಆದರೆ ಜಾತಕ ನೋಡಿದ ಹಾಗಲ್ಲ.

ಸ. ಅವರಿಗೆ ಇನ್ನೊಂದು ಮಾತು. ‘ನ್ಯೂಟನ್ನನ ಭವಿಷ್ಯವಾಣಿ’ ಅಂತ ಮಾತ್ರ ಹಾಕಬೇಡಿ. ದಾನಿಯೇಲನ ಬಗ್ಗೆ ಅವನು ಬರೆದದ್ದು ಅವನು ಸತ್ತು ಆರು ವರ್ಷಕ್ಕೆ, 1733ರಲ್ಲಿ ಪುಸ್ತಕವಾಗಿ ಬಂತು. ಮುಂದಾಗುವುದನ್ನು ತಿಳಿದುಕೊಳ್ಳುವ ಚಪಲಕ್ಕೆ ದೇವರು ಪ್ರವಾದನೆ ಕೊಟ್ಟಿಲ್ಲ, ನಡೆದ ಮೇಲೆ ನೋಡಿ ಅರ್ಥ ಮಾಡಿಕೊಳ್ಳಲಿ ಅಂತ ಕೊಟ್ಟದ್ದು ಎನ್ನುತ್ತಾನೆ ಅಲ್ಲಿ. 2060 ಕೂಡ ಪ್ರಳಯದ ತಾರೀಕಲ್ಲ. ಮೂರೂವರೆ ವರ್ಷಕ್ಕೆ 1260 ದಿನ, ದಿನಕ್ಕೊಂದು ವರ್ಷ. ಅದಕ್ಕಿಂತ ಮೊದಲು ಅಂತ್ಯ ಬರಲು ಕಾರಣ ಕಾಣುವುದಿಲ್ಲ ಎಂದ, ಅಷ್ಟೇ. ಪದೇಪದೇ ತಾರೀಕು ಹೇಳುವವರ ಬಾಯಿ ಮುಚ್ಚಿಸುವುದಕ್ಕೆ!
– ಜೆ.

ನಡೆದ ಮೇಲೆ ಅರ್ಥ ಮಾಡಿಕೊಳ್ಳುವುದಾದರೆ ನಮ್ಮಲ್ಲಿ ಪದ ಇದೆ: ಕಾರಣಿಕ. ಮೈಲಾರದಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದರೆ ಇಡೀ ಜಾತ್ರೆ ಗಪ್‌ಚಿಪ್. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಮಳೆಗೋ ಬೆಳೆಗೋ ರಾಜಕೀಯಕ್ಕೋ, ಅರ್ಥ ಆಮೇಲೆ ಜನ ಬಿಡಿಸಿಕೊಳ್ಳುತ್ತಾರೆ. ನ್ಯೂಟನ್ ಹೇಳಿದ್ದೂ ಇದೇ ಅಲ್ವಾ?
– ಬ.

ಕಾರಣಿಕ ಮೈಲಾರಲಿಂಗನದು. ಅದನ್ನು ದಾನಿಯೇಲನ ಬಾಯಿಗೆ ಹಾಕಬೇಡಿ.
– ಜೆ.

ಹಾಕಿದರೆ ಏನಾಯಿತು? ‘ಪೈಗಂಬರ್’ ಪಾರಸಿಯಿಂದ ಬಂದಾಗ ನಾವು ಬಾಗಿಲು ಹಾಕಿಕೊಂಡೆವಾ? ಎಲ್ಲರಿಂದ ತರಬಹುದು, ನಮ್ಮ ಜಾತ್ರೆಯದು ಮಾತ್ರ ಬೇಡ!
– ಬ.

ಸುಮ್ನೆ ಜಗಳ. ಧೂಮಕೇತುವಿಗೆ ಯಾವ ಪದ ಅಂತ ಇನ್ನೂ ತೀರ್ಮಾನ ಆಗಲಿಲ್ಲ. ಕ್ಲೆರೋ ಎಂಬ ಫ್ರೆಂಚ್ ಗಣಿತಜ್ಞ ಗುರು, ಶನಿಗಳ ಸೆಳೆತವನ್ನೂ ಸೇರಿಸಿ ಲೆಕ್ಕ ಹಾಕಿದ. 1759ರ ಏಪ್ರಿಲ್ ನಡುವೆ ಅದು ಸೂರ್ಯನ ಹತ್ತಿರ ಬರುತ್ತದೆ, ಒಂದು ತಿಂಗಳು ಆಚೀಚೆ ಆಗಬಹುದು ಎಂದ. ಬಂದದ್ದು ಮಾರ್ಚ್ 13ಕ್ಕೆ. ಎಷ್ಟು ತಪ್ಪಬಹುದು ಅಂತ ಮೊದಲೇ ಹೇಳಿಕೊಂಡ ನೋಡಿ, ಅದು ವಾಣಿಯೂ ಅಲ್ಲ, ಕಾಣ್ಕೆಯೂ ಅಲ್ಲ. ‘ಮುನ್ನಂದಾಜು’ ಆಗುತ್ತಾ?
– ಗೋ.

‘ಅಂದಾಜು’ ಪಾರಸಿ. ಆಗಲ್ಲ.
– ಕಂ.

ಎಲ್ಲರಿಗೂ ವಂದನೆ. ಫ್ಲೆಕ್ಸ್ ಈಗಷ್ಟೇ ಮುದ್ರಣಕ್ಕೆ ಹೋಯಿತು. ಒಂದು ‘ಹ್ಯಾಲಿಯ ಲೆಕ್ಕ’, ಇನ್ನೊಂದು ‘ನ್ಯೂಟನ್ ಓದಿದ ಪ್ರವಾದನೆ’. ಡಿಟಿಪಿ ಹುಡುಗ ‘ಪ್ರಸ್ತಾವನೆ’ ಅಂತ ಹೊಡೆದಿದ್ದ. ಪಕ್ಕದಲ್ಲೇ ಕೂತು ತಿದ್ದಿಸಿದೆ.
– ಸ.

‘ಲೆಕ್ಕ’ ಕೂಡ ‘ಲೇಖ’ದ ತದ್ಭವ. ನಿಮ್ಮಿಷ್ಟ.
– ಕಂ.