ಹದಿಹರೆಯ ದಾಟುವ ಹಾಡು ಕಟ್ಟುತ್ತಿದ್ದೇವೆ, ಅನುಭವಸ್ಥರು ದಾರಿ ತೋರಿಸಿ

ಪ್ರಶ್ನೆ:
ನಾವು ನಾಲ್ವರು ಗೆಳೆಯರು, ಪದವಿಯ ಕೊನೆಯ ವರ್ಷದಲ್ಲಿದ್ದೇವೆ. ಹದಿಹರೆಯ ಮುಗಿದು ಊರು ಬಿಟ್ಟು ಹೊರಡುವುದರ ಬಗ್ಗೆ ಕನ್ನಡದಲ್ಲಿ ಒಂದು ರಾಕ್ ಹಾಡು ಕಟ್ಟುತ್ತಿದ್ದೇವೆ. ಐದು ಚರಣ ಬರೆದಾಗಿದೆ, ಹಾಡಿದರೆ ಭಾಷಣದಂತೆ ಕೇಳಿಸುತ್ತದೆ. ಮಾದರಿಗೆಂದು ಬ್ರಿಟನ್ನಿನ ರಾಕ್ ತಂಡ ‘ದ ಹೂ’ದ ‘ಬಾಬಾ ಓ’ರೈಲಿ’ಯನ್ನು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಅದರಲ್ಲಿ ಮಾತು ತೀರಾ ಕಡಿಮೆ, ಆದರೂ ಮೈ ನವಿರೇಳುತ್ತದೆ. ಅದನ್ನು ಅವರು ಹೇಗೆ ಸಾಧಿಸಿದರು? ಇಂಥ ಹಾಡುಗಳನ್ನು ನುಡಿಸಿದವರು, ಬರೆದವರು ದಯವಿಟ್ಟು ಹೇಳಿ.

ಮೈಸೂರಿನ ಕೀಬೋರ್ಡ್ ವಾದಕರು:
ಕಾಲೇಜು ದಿನಗಳಿಂದಲೂ ಈ ಹಾಡನ್ನು ನುಡಿಸುತ್ತಾ ಬಂದಿದ್ದೇನೆ. ಐದರಲ್ಲಿ ಮೂರು ಚರಣಗಳನ್ನು ತೆಗೆದುಬಿಡಿ ಎಂಬುದೇ ನನ್ನ ಮೊದಲ ಸಲಹೆ. ಈ ಹಾಡಿನಲ್ಲಿ ಗಾಯಕನ ದನಿ ಕೇಳಿಸುವುದೇ ಸುಮಾರು ಒಂದು ನಿಮಿಷ ಕಳೆದ ಮೇಲೆ. ಅಲ್ಲಿಯವರೆಗೆ ಬಿಡದೆ ಸುತ್ತುವ ಒಂದು ಸ್ವರಜಾಲ, ನಂತರ ಪಿಯಾನೋದಲ್ಲಿ ಎಫ್, ಸಿ, ಬಿ ಫ್ಲ್ಯಾಟ್ ಎಂಬ ಮೂರು ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಂಪುಗಳು), ಆಮೇಲೆ ಡ್ರಮ್ಸ್. ಮಾತು ಬರುವಷ್ಟರಲ್ಲಿ ಕೇಳುಗ ಆಗಲೇ ದಾರಿಯಲ್ಲಿದ್ದಾನೆ.

ಆ ಸ್ವರಜಾಲವನ್ನು ಅನೇಕರು ಸಿಂಥಸೈಸರ್ ಎಂದುಕೊಂಡಿದ್ದಾರೆ. ಹಾಡು ಬರೆದ, ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ನುಡಿಸಿದ್ದು ಮನೆಗಳಲ್ಲಿ ಇಟ್ಟುಕೊಳ್ಳುವಂಥ ಲೌರಿ ಕಂಪನಿಯ ಆರ್ಗನ್. ಅದರಲ್ಲಿ ‘ಮರಿಂಬಾ ರಿಪೀಟ್’ ಎಂಬ ಸೌಲಭ್ಯವಿತ್ತು. ಕೀಲಿ ಒತ್ತಿ ಹಿಡಿದರೆ ಸ್ವರಗಳು ತಾವಾಗಿಯೇ ಮರುಕಳಿಸುತ್ತವೆ. ಇಂದಿನ ಸಾಧಾರಣ ಕೀಬೋರ್ಡುಗಳ ಆರ್ಪೆಜಿಯೇಟರ್ ಕೂಡ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ನೀವು ಅದರಿಂದಲೇ ಶುರುಮಾಡಿ, ಸಾಹಿತ್ಯ ಆಮೇಲೆ ಬರಲಿ.

ಎರಡನೆಯದು, ಹಾಡುವವನು ಯಾರು ಎಂಬುದು. 1969ರ ‘ಟಾಮಿ’ ಆಲ್ಬಮ್ಮಿನ ನಂತರ ಟೌನ್‌ಶೆಂಡ್ ‘ಲೈಫ್‌ಹೌಸ್’ ಎಂಬ ವೈಜ್ಞಾನಿಕ ಕಲ್ಪನೆಯ ರಾಕ್ ಒಪೆರಾ, ಅಂದರೆ ಹಾಡುಗಳಲ್ಲೇ ಹೇಳುವ ಕಥೆ, ಕಟ್ಟಲು ಹೊರಟಿದ್ದರು. ಅದರಲ್ಲಿ ಈ ಹಾಡು ರೇ ಎಂಬ ಸ್ಕಾಟ್ಲೆಂಡಿನ ರೈತನದು. ಹೆಂಡತಿ ಸ್ಯಾಲಿಯನ್ನೂ ಮಕ್ಕಳನ್ನೂ ಕರೆದುಕೊಂಡು ಲಂಡನ್ನಿನತ್ತ ಹೊರಟವನು ಅವನು. ಒಪೆರಾ ಕೈಗೂಡಲಿಲ್ಲ, ಅದರ ಹಲವು ಹಾಡುಗಳು 1971ರ ‘ಹೂಸ್ ನೆಕ್ಸ್ಟ್’ ಆಲ್ಬಮ್ ಸೇರಿದವು. ಲಕ್ಷಾಂತರ ಹುಡುಗರು ತಮ್ಮದೆಂದು ಅಪ್ಪಿಕೊಂಡ ಹಾಡು ಮೂಲದಲ್ಲಿ ಒಬ್ಬ ಸಂಸಾರಸ್ಥನದು! ನಿಮ್ಮ ಸಾಲುಗಳಲ್ಲಿ ‘ನಾನು, ನಾನು’ ಎಂದು ತುಂಬಿದ್ದರೆ ಒಮ್ಮೆ ಬೇರೆಯವರಿಂದ ಹಾಡಿಸಿ ನೋಡಿ. ನಿಮ್ಮನ್ನು ಬೀಳ್ಕೊಡುವ ಹಾಸ್ಟೆಲ್ಲಿನ ಅಡುಗೆಯವರು, ರಾತ್ರಿ ಬಸ್ಸಿನ ನಿರ್ವಾಹಕ, ಯಾರಾದರೂ ಸರಿ.

ಇನ್ನೊಂದು ಮಾತು. ಚರಣಗಳನ್ನು ತಂಡದ ಗಾಯಕ ರೋಜರ್ ಡಾಲ್ಟ್ರಿ ಎದೆಬಿಚ್ಚಿ ಹಾಡುತ್ತಾರೆ. ನಡುವೆ, ಅಳಬೇಡ ಎಂದು ಸಂತೈಸುವ ಸಾಲುಗಳಲ್ಲಿ ಮಾತ್ರ ಟೌನ್‌ಶೆಂಡರ ತೆಳುವಾದ ದನಿ ಬರುತ್ತದೆ. ಇಡೀ ಹಾಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಅದು. ನಿಮ್ಮಲ್ಲಿ ಅಷ್ಟು ಚೆನ್ನಾಗಿ ಹಾಡಲು ಬಾರದ ಗೆಳೆಯನೊಬ್ಬ ಇರುತ್ತಾನಲ್ಲ, ಎರಡು ಸಾಲು ಅವನಿಗೆ ಕೊಡಿ.

ಶಿವಮೊಗ್ಗದ ಕಾಲೇಜು ಅಧ್ಯಾಪಕಿ:
ಅರ್ಥದ ಬಗ್ಗೆ ಎಚ್ಚರವಿರಲಿ. ‘ಟೀನೇಜ್ ವೇಸ್ಟ್‌ಲ್ಯಾಂಡ್’ (ಹದಿಹರೆಯದ ಬಂಜರು ನೆಲ) ಎಂಬ ಅದರ ಸಾಲನ್ನು ಜನ ಸಂಭ್ರಮದ ಘೋಷಣೆಯಂತೆ ಕೂಗುತ್ತಾರೆ, ಹಾಡಿನ ಹೆಸರೇ ಅದು ಎಂದು ನಂಬಿದವರೂ ಬಹಳ. ಆದರೆ 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಮಾದಕ ದ್ರವ್ಯದಿಂದ ದಿಕ್ಕೆಟ್ಟ ಹುಡುಗ ಹುಡುಗಿಯರ ಪಾಡು ಇದರ ಹಿಂದಿದೆ ಎಂದು ಟೌನ್‌ಶೆಂಡ್ ಹೇಳಿದ್ದಾರೆ. ಅವರ ತಂಡವೂ ಅಲ್ಲಿ ನುಡಿಸಿತ್ತು. ಉತ್ಸಾಹದ ಲಯದೊಳಗೆ ಆ ಮರುಕ ಇರುವುದರಿಂದಲೇ ಹಾಡು ಹಳತಾಗಿಲ್ಲ. ಊರು ಬಿಡುವ ಖುಷಿಯನ್ನು ನೀವು ಬರೆದಿರುತ್ತೀರಿ. ಜೊತೆಗೆ ಬರಲಾಗದೆ ಹಿಂದೆ ಉಳಿದ ಗೆಳೆಯರ ಬಗ್ಗೆಯೂ ಒಂದು ಸಾಲು ಇದೆಯೇ?

ಧಾರವಾಡದ ಪಿಟೀಲು ವಿದ್ಯಾರ್ಥಿ:
ಚರಣ ತೆಗೆಯಿರಿ ಎಂಬ ಸಲಹೆಗೆ ನನ್ನದೊಂದು ತಕರಾರಿದೆ. ತೆಗೆದ ಜಾಗದಲ್ಲಿ ಏನು ನುಡಿಸಬೇಕು ಎಂದು ಗೊತ್ತಿಲ್ಲದಿದ್ದರೆ ಹಾಡು ಬರಿದಾಗುತ್ತದೆ.

‘ಬಾಬಾ ಓ’ರೈಲಿ’ ಎಂಬ ಶೀರ್ಷಿಕೆಯ ಅರ್ಧ ಆಧ್ಯಾತ್ಮಿಕ ಗುರು ಮೆಹರ್ ಬಾಬಾ, ಇನ್ನರ್ಧ ಅಮೆರಿಕದ ಸಂಯೋಜಕ ಟೆರ್ರಿ ರೈಲಿ. ಅಹ್ಮದ್‌ನಗರದ ಬಳಿಯ ಮೆಹರಾಬಾದಿನ ಬಾಬಾ 1925ರಿಂದ 1969ರಲ್ಲಿ ತೀರಿಕೊಳ್ಳುವವರೆಗೂ ಮೌನದಲ್ಲಿದ್ದವರು, ಟೌನ್‌ಶೆಂಡ್ ಈ ಬಾಬಾರ ಅನುಯಾಯಿ. ರೈಲಿ ಚಿಕ್ಕ ಸ್ವರಗುಚ್ಛಗಳನ್ನು ಆವರ್ತಿಸುತ್ತಾ ಸಂಗೀತ ಕಟ್ಟಿದವರು. 1970ರಲ್ಲಿ ಅವರು ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದರು. ಗಂಗೂಬಾಯಿ ಹಾನಗಲ್ ಅವರದೇ ಕಿರಾಣಾ ಘರಾಣೆ ಅದು. ಇದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹಾಡಿನ ಕೊನೆಯಲ್ಲಿ ಮಾತು ಪೂರ್ತಿ ನಿಂತು ಡೇವ್ ಆರ್ಬಸ್ ಅವರ ಪಿಟೀಲು ಬರುತ್ತದೆ. ಅದನ್ನು ಸೂಚಿಸಿದವರು ಡ್ರಮ್ಸ್ ವಾದಕ ಕೀತ್ ಮೂನ್. ಪಿಟೀಲಿನೊಂದಿಗೆ ಲಯ ದ್ರುತಕ್ಕೆ ಏರುತ್ತಾ ಹೋಗಿ ಹಾಡು ಮುಗಿಯುತ್ತದೆ. ವೇದಿಕೆಯಲ್ಲಿ ಆ ಭಾಗವನ್ನು ಡಾಲ್ಟ್ರಿ ಹಾರ್ಮೋನಿಕಾದಲ್ಲಿ ನುಡಿಸುತ್ತಿದ್ದರು. ವಾದ್ಯ ಯಾವುದೇ ಇರಲಿ, ಆ ಏರಿಕೆಯನ್ನು ಮೊದಲೇ ಯೋಜಿಸಿಕೊಳ್ಳಿ. ನಂತರ ಯಾವ ಚರಣ ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬೆಂಗಳೂರಿನ ಡ್ರಮ್ಸ್ ವಾದಕರು:
ಮೊದಲೇ ಧ್ವನಿಮುದ್ರಿಸಿದ ಆವರ್ತನೆಯ ಜೊತೆ ನುಡಿಸುವುದಾದರೆ ಡ್ರಮ್ಸ್‌ನವರಿಗೆ ಹೆಡ್‌ಫೋನ್ ಬೇಕೇಬೇಕು. ಈ ಹಾಡಿಗೆ ಕೀತ್ ಮೂನ್ ವೇದಿಕೆಯಲ್ಲೂ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು, ಏಕೆಂದರೆ ಟೇಪು ಯಾರಿಗೂ ಕಾಯುವುದಿಲ್ಲ. ಕೊನೆಯಲ್ಲಿ ವೇಗ ಹೆಚ್ಚಿಸುವ ಆಸೆಯಿದ್ದರೆ ಮುದ್ರಿತ ಆವರ್ತನೆಯನ್ನು ಅಲ್ಲಿಗೆ ಮೊದಲೇ ನಿಲ್ಲಿಸಿ, ಅಲ್ಲಿಂದ ಮುಂದೆ ಡ್ರಮ್ಸ್ ಹಿಂದೆ ಎಲ್ಲರೂ ನಡೆಯಿರಿ. ನಿಮ್ಮ ಹಾಡಿನ ಕರಡು ಮುದ್ರಿಕೆ ಇದ್ದರೆ ಕಳುಹಿಸಿ, ಆವರ್ತನೆಯನ್ನು ಎಲ್ಲಿ ಕತ್ತರಿಸಬಹುದು ಎಂದು ಕೇಳಿ ಹೇಳುತ್ತೇನೆ.