ಎರೆ ಮಣ್ಣಿನಲ್ಲಿ ಆಂಟೆನಾ ಕೇಬಲ್ ಹೂಳುವ ಬಗೆ

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ, ರೇಡಿಯೊ ಕೋಣೆಯಿಂದ ಸುಮಾರು 40 ಮೀಟರ್ ದೂರದಲ್ಲಿ, ಟವರ್ ನಿಲ್ಲಿಸಿ ಅದರ ಮೇಲೆ ಯಾಗಿ ಆಂಟೆನಾ (ಒಂದೇ ದಿಕ್ಕಿಗೆ ಮುಖಮಾಡುವ ಆಂಟೆನಾ) ಮತ್ತು ಅದನ್ನು ತಿರುಗಿಸುವ ಮೋಟಾರು, ಅಂದರೆ ರೋಟೇಟರ್, ಕೂಡಿಸಬೇಕೆಂದಿದ್ದೇನೆ. ರೋಟೇಟರಿನ ಆರು ಕೋರ್ (ಒಳತಂತಿ) ಕೇಬಲ್ಲನ್ನೂ ಆಂಟೆನಾದ ಸಂಕೇತ ಸಾಗಿಸುವ ಕೋಆಕ್ಸಿಯಲ್ ಕೇಬಲ್ಲನ್ನೂ ನೆಲದಡಿಯಲ್ಲಿ ತರಬೇಕಾಗಿದೆ. ಇಲ್ಲಿಯದು ಅಪ್ಪಟ ಎರೆ ಭೂಮಿ. ಕೇಬಲ್ಲನ್ನು ನೇರವಾಗಿ ಹೂಳಬಹುದೇ, ಪೈಪಿನೊಳಗೇ ಹಾಕಬೇಕೇ? ಟವರ್ ದೀಪದ 230 ವೋಲ್ಟ್ ವೈರನ್ನೂ ಅದೇ ತಗ್ಗಿನಲ್ಲಿ ತರಬಹುದೇ?

ಉತ್ತರ (ಸೇಡಂ)

ಪೈಪಿನೊಳಗೇ ಹಾಕಿರಿ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಆಳವಾಗಿ ಬಿರಿಯುವುದರಿಂದ, ನೇರವಾಗಿ ಹೂಳಿದ ಕೇಬಲ್ಲನ್ನು ವರ್ಷವರ್ಷವೂ ಎಳೆದು ಹಿಂಡುತ್ತದೆ. ನಮ್ಮ ಕಡೆ ನೀರಿಗಿಂತ ಈ ಎಳೆತಕ್ಕೇ ಹೆಚ್ಚು ಹೆದರಬೇಕು. ಅಂಟಿಸಿದ ಪಿವಿಸಿ ಪೈಪಿನ ಜೋಡಣೆಗಳು ಇದೇ ಕಾರಣಕ್ಕೆ ಬಿಡುತ್ತವೆ. ಬೋರ್‌ವೆಲ್‌ಗೆ ಬಳಸುವ ಕಪ್ಪು ಎಚ್‌ಡಿಪಿಇ ಪೈಪು ಸುರುಳಿಯಲ್ಲಿ ಸಿಗುತ್ತದೆ, ನಡುವೆ ಜೋಡಣೆಯೇ ಬೇಕಾಗುವುದಿಲ್ಲ. 2 ಇಂಚಿನದನ್ನು ತೆಗೆದುಕೊಳ್ಳಿರಿ. ಎರಡು ಅಡಿ ಆಳ ತೋಡಿ, ಕೆಳಗೆ ಉಸುಕು ಹಾಸಿ ಪೈಪನ್ನು ತುಸು ಸಡಿಲವಾಗಿ ಮಲಗಿಸಿ, ಮೇಲೆ ಮತ್ತೆ ಉಸುಕು ಹರಡಿ, ಅದರ ಮೇಲೆ ಶಹಾಬಾದ್ ಫರಸಿಯ ತುಂಡುಗಳನ್ನು ಹೊದಿಸಿದರೆ ಮುಂದೆ ಯಾರ ಗುದ್ದಲಿಯೂ ಕೇಬಲ್ಲಿಗೆ ತಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಫರಸಿಗೆ ಬರವಿಲ್ಲ.

ಪೈಪಿನೊಳಗೆ ತೇವ ಕೂಡಿಯೇ ಕೂಡುತ್ತದೆ. ಆದ್ದರಿಂದ ಒಂದು ಕಡೆಗೆ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ಜಲ್ಲಿ ತುಂಬಿದ ಗುಂಡಿಗೆ ನೀರು ಇಳಿಯುವಂತೆ ಮಾಡಿರಿ. ಕೇಬಲ್ಲಿನ ಹೊರಕವಚ ಪಾಲಿಥೀನಿನದಾಗಿರಲಿ. ನೆಲದಡಿ ಎಲ್ಲಿಯೂ ಜೋಡಣೆ ಬೇಡ. ಎರಡೂ ಬಾಯಿಗಳಿಗೆ ಉಕ್ಕಿನ ಜಾಳಿಗೆ ಕಟ್ಟದಿದ್ದರೆ ಇಲಿಗಳು ಒಳಗೆ ಸೇರುತ್ತವೆ. ಮುಂದೆ ಇನ್ನೊಂದು ಕೇಬಲ್ ಎಳೆಯಲು ನೈಲಾನ್ ಹಗ್ಗವೊಂದನ್ನು ಒಳಗೇ ಬಿಟ್ಟಿರಿ.

230 ವೋಲ್ಟ್ ವೈರು ಈ ಪೈಪಿನಲ್ಲಿ ಖಂಡಿತ ಬೇಡ. ಅದಕ್ಕೆ ಬೇರೆ ಪೈಪು, ನಡುವೆ ಒಂದು ಅಡಿ ಅಂತರ ಇರಲಿ.

ಉತ್ತರ (ಬೀದರ್)

ಮೇಲಿನ ಸಲಹೆ ಸರಿಯಾಗಿದೆ, ಆದರೆ ಸಿಡಿಲಿನ ಮಾತು ಬಿಟ್ಟುಹೋಗಿದೆ. ನೆಲದಡಿ ಹೂಳಿದ ಮಾತ್ರಕ್ಕೆ ಕೇಬಲ್ ಸಿಡಿಲಿನಿಂದ ಪಾರಾಗುವುದಿಲ್ಲ. ಕೋಆಕ್ಸಿಯಲ್ ಕೇಬಲ್ಲಿಗೆ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಅರೆಸ್ಟರ್ ಹಾಕಿ, ರೋಟೇಟರ್ ಕೇಬಲ್ಲನ್ನು ಹಾಗೆಯೇ ಒಳಗೆ ತರುವವರು ಬಹಳ. ಪ್ರತಿ ಕೋರಿಗೂ ತಕ್ಕ ವೋಲ್ಟೇಜಿನ ವೇರಿಸ್ಟರ್ (ವೋಲ್ಟೇಜ್ ಮಿತಿಮೀರಿದಾಗ ಅದನ್ನು ನೆಲಕ್ಕೆ ಹರಿಸುವ ಬಿಡಿಭಾಗ) ಹಾಕಿ, ಕೇಬಲ್ಲುಗಳೆಲ್ಲ ಕೋಣೆ ಹೊಗುವಲ್ಲಿ ಒಂದೇ ತಾಮ್ರದ ಪಟ್ಟಿಗೆ ಭೂಸಂಪರ್ಕ ಕೊಡಿರಿ. ಟವರಿನ ಅರ್ಥಿಂಗ್ ಮತ್ತು ಮನೆಯ ಅರ್ಥಿಂಗ್ ಬೇರೆಬೇರೆಯಾಗಿ ಉಳಿಯಬಾರದು. ಅದೇ ತಗ್ಗಿನಲ್ಲಿ, ಪೈಪಿನ ಹೊರಗೆ, ಮಣ್ಣಿಗೆ ತಾಗುವಂತೆ ದಪ್ಪ ತಾಮ್ರದ ತಂತಿ ಹಾಯಿಸಿ ಎರಡನ್ನೂ ಜೋಡಿಸಿರಿ. ತೇವ ಹಿಡಿದಿಡುವ ನಿಮ್ಮ ಎರೆ ಮಣ್ಣು ಇದಕ್ಕೆ ಅನುಕೂಲವೇ. ಇಲ್ಲಿಯ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ನೀರು ಬೇಗ ಬಸಿದುಹೋಗುವುದರಿಂದ ನಾವು ಹೆಚ್ಚು ಅರ್ಥಿಂಗ್ ರಾಡುಗಳನ್ನು ಇಳಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರೋಟೇಟರ್ ಕೇಬಲ್ಲಿನ ಕೋರ್ ಎಷ್ಟು ದಪ್ಪ ಇರಬೇಕು?

ಉತ್ತರ (ಸೇಡಂ)

0.5 ಚದರ ಮಿ.ಮೀ. ತಾಮ್ರದ ಕೋರಿಗೆ, ಹೋಗಿಬರುವ 80 ಮೀಟರಿಗೆ, ಸುಮಾರು 3 ಓಮ್ ರೋಧವಿರುತ್ತದೆ, 1.5 ಚದರ ಮಿ.ಮೀ. ಕೋರಿನಲ್ಲಿ ಅದು 1 ಓಮಿನಷ್ಟಕ್ಕೆ ಇಳಿಯುತ್ತದೆ. ಟವರಿನ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿರಿ. ಮೋಟಾರಿಗೂ ಬ್ರೇಕಿಗೂ ದಪ್ಪ ಕೋರ್ ಕೊಡಿರಿ, ದಿಕ್ಕು ತೋರಿಸುವ ಪೊಟೆನ್ಶಿಯೋಮೀಟರಿಗೆ ತೆಳುವಾದದ್ದೇ ಸಾಕು. ಮಣ್ಣು ಮುಚ್ಚುವ ಮೊದಲು ಪ್ರತಿ ಕೋರನ್ನೂ ಮಲ್ಟಿಮೀಟರಿನಿಂದ ಪರೀಕ್ಷಿಸಿರಿ.