ಆಫ್ರಿಕನ್ ಸಿಕ್ಲಿಡ್ ಮೀನಿಗೆ ಎಷ್ಟು ದೊಡ್ಡ ಟ್ಯಾಂಕ್ ಬೇಕು? ಸಾಕಿದವರು ಹೇಳಿ

ಹೊಸ ಮೀನುಗಾರ: ನನ್ನ ಹತ್ತಿರ ಎರಡೂವರೆ ಅಡಿ ಟ್ಯಾಂಕ್ ಖಾಲಿ ಇದೆ, ಸುಮಾರು 100 ಲೀಟರ್. ಮಲಾವಿ ಸರೋವರದ ಎಂಬುನಾ, ಅಂದ್ರೆ ಕಲ್ಲಿನ ನಡುವೆ ಬದುಕುವ ಸಿಕ್ಲಿಡ್, ಎಂಟು ಹತ್ತು ಬಿಡುವ ಆಸೆ. ಸಾಕಾಗುತ್ತಾ, ಇಲ್ಲಾ ನಾಲ್ಕಡಿಗೆ ಹೋಗಬೇಕಾ?

ಕಲ್ಲುಗುಡ್ಡೆ: ನಾನು ಮೂರಡಿಯಲ್ಲಿ ಶುರು ಮಾಡಿದವನು. ಹನ್ನೆರಡು ಮರಿ ತಂದೆ, ಅದರಲ್ಲಿ ನಾಲ್ಕು ಔರಾಟಸ್ ಅನ್ನೋ ಜಾತಿಯ ಎಂಬುನಾ. ಹಳದಿ ಮೈ, ಕಪ್ಪು ಪಟ್ಟೆ, ನೋಡೋಕೆ ಬಲು ಚೆಂದ. ಕೆಲವು ತಿಂಗಳಿಗೆ ಒಂದು ಗಂಡು ಬಣ್ಣ ಬದಲಿಸಿ ಕಪ್ಪಾಯಿತು, ಅಲ್ಲಿಗೆ ನೆಮ್ಮದಿ ಮುಗಿಯಿತು. ಒಂದು ಬೆಳಿಗ್ಗೆ ನೋಡಿದರೆ ಇನ್ನೊಂದು ಗಂಡು ಹೀಟರ್ ಹಿಂದೆ, ಮೂತಿ ನೀರಿನ ಮೇಲೆ ಮಾಡಿಕೊಂಡು ನೇತಾಡುತ್ತಿದೆ. ಬಾಲ ಅನ್ನೋದೇ ಇಲ್ಲ, ಬುಡದಲ್ಲಿ ಬಿಳಿ ದಾರದ ಥರ ಏನೋ. ಆಮೇಲೆ ವಾರಕ್ಕೊಂದು. ಕಲ್ಲು ಬದಲಿಸಿದೆ, ಕನ್ನಡಿ ಇಟ್ಟೆ, ಆ ಕಪ್ಪು ಗಂಡನ್ನೇ ಹಿಡಿದು ಬುಟ್ಟಿಯಲ್ಲಿ ಕೂಡಿಹಾಕಿದೆ. ಕೊನೆಗೆ ಉಳಿದದ್ದು ಮೂರು. ಒಂಬತ್ತು ಮೀನು, ಎರಡು ಹೀಟರ್, ಒಂದು ಫಿಲ್ಟರ್ ಹಾಳು.

ಆರಡಿ ಸಾಹುಕಾರ: ಇದಕ್ಕೇ ಹೇಳೋದು, ಮಾಡಿದರೆ ಒಂದೇ ಸಲ ದೊಡ್ಡದು ಮಾಡಿ ಅಂತ. ನಂದು 6 ಅಡಿ ಉದ್ದ, 2 ಅಗಲ, 2 ಎತ್ತರ. ನೀರೇ ಹತ್ತಿರ ಹತ್ತಿರ 650 ಕೆಜಿ, ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ಗೋಡೆ ಅಳೆದೆ, ಬಾಗಿಲು ಅಳೆದೆ, ಮೆಟ್ಟಿಲು ತಿರುವು ಮಾತ್ರ ಅಳೆಯಲಿಲ್ಲ ನೋಡಿ! ನಾಲ್ಕು ಜನ ಅರ್ಧ ತಾಸು ಅಲ್ಲೇ ಹಿಡಿದುಕೊಂಡು ನಿಂತರು, ಒಂದು ಮೂಲೆ ಚಕ್ಕೆ ಎದ್ದಿತು, ವಾಪಸ್. ಮತ್ತೆ ಗಾಜು ಕತ್ತರಿಸಿ ತಂದು ಹಾಲ್‌ನಲ್ಲೇ ಸಿಲಿಕೋನ್ ಹಾಕಿಸಿದೆ, ಒಣಗುವವರೆಗೆ ಮನೆಯೆಲ್ಲ ವಿನೆಗರ್ ವಾಸನೆ. ಈಗ ಫ್ರಂಟೋಸಾ ಇವೆ, ಒಂದೊಂದು ಅಡಿ ಹತ್ತಿರ ಬೆಳೆದಿವೆ.

ನಾಲ್ಕಡಿ: ಆರಡಿ ಶೋಕಿ ಸಾರ್. ಅವರು ಕೇಳಿದ್ದು ಎಂಬುನಾ, ನೀವು ಹೇಳ್ತಿರೋದು ಟ್ಯಾಂಗನಿಕಾ ಸರೋವರದ ಮೀನು. ನಂದು ನಾಲ್ಕಡಿ, ಒಂದೂವರೆ ಅಡಿ ಅಗಲ, 270 ಲೀಟರ್. ಅದರಲ್ಲಿ ಹದಿನೈದು ಡೆಮಸೋನಿ, ಆರು ಹಳದಿ ಲ್ಯಾಬ್, ಎರಡೂ ಎಂಬುನಾ ಜಾತಿಗಳೇ. ಗುಂಪು ದೊಡ್ಡದಿದ್ದರೆ ಏಟು ಹಂಚಿಹೋಗುತ್ತದೆ, ಒಂದೇ ಮೀನಿನ ಮೇಲೆ ಬೀಳಲ್ಲ. ಎತ್ತರ ನೋಡಬೇಡಿ, ತಳ ನೋಡಿ, ಅವು ಜಾಗ ಹಿಡಿಯೋದು ಕಲ್ಲಿನ ನಡುವೆ. ಆದರೆ ವಾರಕ್ಕೆ ಅರ್ಧ ನೀರು ಬದಲಿಸಬೇಕು, 15 ಲೀಟರ್ ಬಕೆಟ್‌ನಲ್ಲಿ ಒಂಬತ್ತು ಸಲ. ಸೊಂಟ ಕೇಳಿ.

ಕಲ್ಲುಗುಡ್ಡೆ: ತುಂಬಿಸೋದು ಮದ್ದಲ್ಲ, ಹಿಂಸೆ. ಔರಾಟಸ್ ಇಟ್ಟು ನೋಡಿ, ಆಮೇಲೆ ಮಾತಾಡಿ.

ನಾಲ್ಕಡಿ: ಮೂರಡಿಯಲ್ಲಿ ಔರಾಟಸ್ ಬಿಟ್ಟವರು ಹಿಂಸೆ ಬಗ್ಗೆ ಪಾಠ ಮಾಡ್ತಾರಲ್ಲ!

ಚಿಪ್ಪಿನಮನೆ: ಆಫ್ರಿಕನ್ ಅಂದ್ರೆ ಮಲಾವಿ ಒಂದೇನಾ? ನನ್ನ 60 ಲೀಟರ್‌ನಲ್ಲಿ ಮಲ್ಟಿಫ್ಯಾಸಿಯಾಟಸ್ ಅನ್ನೋ ಪುಟ್ಟ ಆಫ್ರಿಕನ್ ಸಿಕ್ಲಿಡ್ ಎರಡು ವರ್ಷದಿಂದ ಆರಾಮಾಗಿವೆ. ಬಸವನಹುಳುವಿನ ಖಾಲಿ ಚಿಪ್ಪಲ್ಲೇ ಮನೆ, ಅಲ್ಲೇ ಮೊಟ್ಟೆ. ಎರಡಿಂಚೂ ಇಲ್ಲದ ಹೆಣ್ಣು ಬಾಯಲ್ಲಿ ಮರಳು ತುಂಬಿಕೊಂಡು ಬಂದು ಪಕ್ಕದ ಮನೆ ಬಾಗಿಲಿಗೆ ಉಗಿಯುತ್ತೆ. ಎರಡೂವರೆ ಅಡಿಗೆ ಇದೇ ಸರಿ.

ಆರಡಿ ಸಾಹುಕಾರ: ಅದನ್ನು ನೋಡೋಕೆ ಭೂತಗನ್ನಡಿ ಬೇಕು.

ಚಿಪ್ಪಿನಮನೆ: ನಿಮ್ಮದನ್ನು ನೋಡೋಕೆ ಮೆಟ್ಟಿಲು ಒಡೆಯಬೇಕು.

ಹೊಸ ಮೀನುಗಾರ: ಹಳದಿ ಲ್ಯಾಬ್ ಮಾತ್ರ ಐದು ಇಟ್ಟರೆ ನಡೆಯುತ್ತಾ?

ನಾಲ್ಕಡಿ: ಬೆಳೆಯುವವರೆಗೆ ನಡೆಯುತ್ತೆ, ಆಮೇಲೆ ನಾಲ್ಕಡಿ ತಗೊಳ್ಳಲೇಬೇಕು. ಕಲ್ಲನ್ನು ಮೊದಲು ತಳದ ಮೇಲೆ ಕೂರಿಸಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಅಗೆದು ಉರುಳಿಸ್ತವೆ, ನನ್ನ ಮೊದಲ ಟ್ಯಾಂಕ್ ಗಾಜು ಬಿರುಕು ಬಿಟ್ಟಿದ್ದು ಹಾಗೇ.

ಕಲ್ಲುಗುಡ್ಡೆ: ಒಂಬತ್ತು ಬಕೆಟ್ ಹೊರೋ ಬದಲು ಪೈಪ್ ಹಾಕೋಕೆ ಏನು ಕಷ್ಟ?

ನಾಲ್ಕಡಿ: ನಲ್ಲಿಯಿಂದ ಟ್ಯಾಂಕ್‌ಗೆ ಎಷ್ಟು ದೂರ ಅಂತ ನಿಮಗೆ ಗೊತ್ತಾ?

ಕಲ್ಲುಗುಡ್ಡೆ: ಹಾಗಾದ್ರೆ ಟ್ಯಾಂಕ್ ಅಲ್ಲಿ ಯಾಕೆ ಇಟ್ರಿ?